ವೇಗವೂ ದಯೆಯೂ

ವೇಲ್ಸ್ ದೇಶದಲ್ಲಿ 2023ರ ಸೆಪ್ಟೆಂಬರ್ 17ರಿಂದ ಜನವಸತಿಯ ಬಹುಪಾಲು ಬೀದಿಗಳ ವೇಗಮಿತಿಯನ್ನು ಗಂಟೆಗೆ 30 ಮೈಲಿಯಿಂದ 20 ಮೈಲಿಗೆ ಇಳಿಸಲಾಯಿತು. ಇದು ರದ್ದಾಗಬೇಕೆಂದು ಶಾಸನಸಭೆಗೆ ಸಲ್ಲಿಸಿದ ಮನವಿಗೆ ನಾಲ್ಕೂವರೆ ಲಕ್ಷಕ್ಕೂ ಮಿಕ್ಕ ಜನರು ಸಹಿ ಹಾಕಿದರು. ಅವರದು ಬರಿಯ ಸ್ವಾರ್ಥವೆಂದು ತಳ್ಳಿಹಾಕುವುದು ನ್ಯಾಯವಲ್ಲ. ದುಡಿದುಣ್ಣುವವನಿಗೆ ಹೊತ್ತೂ ಒಂದು ಸಂಪತ್ತೇ. ಆದರೆ ವೇಗವು ಇಷ್ಟು ತಗ್ಗಿದರೆ ವಾಹನದ ಚಲನಶಕ್ತಿಯು ಅರ್ಧಕ್ಕಿಂತಲೂ ಕಡಮೆಯಾಗುವುದೆಂಬುದು ಗಣಿತದಿಂದ ಸಿದ್ಧವಾದ ಮಾತು. ತೊಡಕಿರುವುದು ಎಣಿಕೆಯಲ್ಲಿ. ಕಳೆದುಹೋದ ನಿಮಿಷವನ್ನು ಚಾಲಕನು ದಿನವೂ ಎಣಿಸುವನು. ಉಳಿದ ಪ್ರಾಣವನ್ನು ಎಣಿಸುವವರಾರು? ಚೆಂಡಿನ ಹಿಂದೆ ಬೀದಿಗೋಡಿ ಮನೆಗೆ ಮರಳಿದ ಕೂಸು ತಾನು ಬದುಕಿದೆನೆಂದು ಅರಿಯದು, ತಾಯಿಯೂ ಅರಿಯಳು. ಆಕೆ ಯಾವ ಮನವಿಗೆ ಸಹಿ ಹಾಕಿಯಾಳು? ತನ್ನ ಕೈಯಿಂದ ಆಗಬಹುದಾಗಿದ್ದ ಜೀವಹಾನಿಯೊಂದು ತಪ್ಪಿತೆಂದು ಆ ಚಾಲಕನೂ ಅರಿಯನು.