ಮೂಗಿನ ತುದಿಯ ಸಾಕ್ಷ್ಯ

ಮನಸ್ಸು ಕಳವಳಗೊಂಡಾಗ ಮೂಗಿನ ತುದಿ ತಣ್ಣಗಾಗುವುದೆಂಬುದನ್ನು ವಾಚಕರಲ್ಲಿ ಎಷ್ಟು ಮಂದಿ ಗಮನಿಸಿರುವರೋ ತಿಳಿಯದು. ಆಗ ಚರ್ಮದ ಕೆಳಗಣ ಸೂಕ್ಷ್ಮ ರಕ್ತನಾಳಗಳು ಸಂಕೋಚಗೊಳ್ಳುತ್ತವೆ. ಮೂಗಿನಲ್ಲಿ ನೆತ್ತರಿನ ಸಂಚಾರವು ಕುಗ್ಗಿ ಅಲ್ಲಿಯ ಶಾಖವು ಇಳಿಯುತ್ತದೆ. ಹಣೆಯ ಶಾಖವಾದರೋ ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ವಿಲಿಯಂ ಹರ್ಷೆಲನು 1800ರಲ್ಲಿ ಕಂಡುಹಿಡಿದನಷ್ಟೆ. ಆ ಕಿರಣಗಳನ್ನು ಗ್ರಹಿಸುವ ಕ್ಯಾಮರಾವನ್ನು ಈಗ ಮೋಟಾರು ಗಾಡಿಯ ಚಾಲಕನ ಎದುರಿಗಿಟ್ಟು, ಹಣೆಗೂ ಮೂಗಿಗೂ ಇರುವ ಶಾಖದ ಅಂತರದಿಂದ ಅವನ ಮನಸ್ಸಿನ ಒತ್ತಡವನ್ನು ಅಳೆಯಲು ವಿಜ್ಞಾನಿಗಳು ಯತ್ನಿಸುತ್ತಿದ್ದಾರೆ. ಮೈಮುಟ್ಟದೆ, ತಂತಿ ಕಟ್ಟದೆ ನಡೆಯುವ ಪರೀಕ್ಷೆ.

ಮನಸ್ಸನ್ನು ಮೈಯಲ್ಲಿ ಓದುವುದು ನಮ್ಮವರಿಗೆ ತೀರ ಹೊಸದಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಸ್ವೇದ, ರೋಮಾಂಚ, ವೈವರ್ಣ್ಯ ಮೊದಲಾದ ಎಂಟು ಸಾತ್ತ್ವಿಕಭಾವಗಳನ್ನು ಹೇಳಿದ್ದಾನೆ. ನಾಲಗೆಯು ಸುಳ್ಳಾಡಬಹುದು; ಬೆವರು ನಮ್ಮ ಅಪ್ಪಣೆಯನ್ನು ಕೇಳುವುದಿಲ್ಲ. ಆದರೆ ರಂಗದ ಮುಂದೆ ಕುಳಿತು ಅದನ್ನು ಕಾಣತಕ್ಕವನು ಸಹೃದಯನು. ಗಾಡಿಯಲ್ಲಿ ಕಾಣತಕ್ಕವನು ಯಾರು?

ಯಂತ್ರದ ಲೆಕ್ಕವು ಚಾಲಕನಿಗೇ ಎಚ್ಚರಿಕೆ ಹೇಳಿದರೆ ಅದು ಉಪಕಾರ. ಅದೇ ಲೆಕ್ಕವು ಒಡೆಯನ ಮೇಜಿಗೆ ಹೋದರೆ? ಹತ್ತು ಗಂಟೆಯ ದಾರಿಯನ್ನು ಎಂಟು ಗಂಟೆಯಲ್ಲಿ ಮುಗಿಸೆಂದು ವಿಧಿಸಿದವನೇ, "ನಿನ್ನ ಮೂಗು ತಣ್ಣಗಾಯಿತು, ನೀನು ಈ ಕೆಲಸಕ್ಕೆ ತಕ್ಕವನಲ್ಲ" ಎನ್ನಬಹುದಲ್ಲವೆ? ಕಳವಳಕ್ಕೆ ಕಾರಣನಾರೆಂಬುದನ್ನು ಯಂತ್ರವು ಕಾಣದು. ಕಿಟಕಿಯ ಗಾಳಿಯೂ ಬಿಸಿಲೂ ಮೂಗಿನ ಶಾಖವನ್ನು ಬದಲಿಸಬಲ್ಲವೆಂಬುದು ಬೇರೆ ಮಾತು.

ಈ ತಪ್ಪನ್ನು ಯಂತ್ರವಿಲ್ಲದೆಯೇ ನಾನು ಮಾಡಿದ್ದೇನೆ. ಪರೀಕ್ಷೆಯ ಕೊಠಡಿಯಲ್ಲಿ ಒಬ್ಬ ಹುಡುಗನು ಬಿಳಿಚಿಕೊಂಡು ಬೆವರುತ್ತಿದ್ದುದನ್ನು ಕಂಡು, ನಕಲು ಮಾಡುತ್ತಿರುವನೆಂದೇ ನಿಶ್ಚಯಿಸಿ, ಎಲ್ಲರೆದುರಿಗೆ ಅವನ ಜೇಬು ತಡವಿದೆನು. ಏನೂ ಇರಲಿಲ್ಲ. ಹಿಂದಿನ ರಾತ್ರಿಯಿಂದ ಅವನು ಉಂಡಿರಲಿಲ್ಲವೆಂದು ಆಮೇಲೆ ತಿಳಿಯಿತು. ಬೆವರನ್ನು ನಾನು ಕಂಡದ್ದು ದಿಟ. ಅದಕ್ಕೆ ಕೊಟ್ಟ ಅರ್ಥವು ನನ್ನದು. ಆ ಹುಡುಗನು ಮತ್ತೆ ನನ್ನ ಮುಖವನ್ನು ನೇರವಾಗಿ ನೋಡಲಿಲ್ಲ.

ಐರೋಪ್ಯ ಒಕ್ಕೂಟವು 2019ರಲ್ಲಿ ಮಾಡಿದ ವಾಹನ ಸುರಕ್ಷತೆಯ ನಿಯಮವು, ಚಾಲಕನು ತೂಕಡಿಸಿದರೆ ಎಚ್ಚರಿಸುವ ಸಾಧನವನ್ನು ಹೊಸ ಗಾಡಿಗಳಿಗೆ ಕಡ್ಡಾಯಮಾಡುತ್ತಲೇ, ಅದರ ಮಾಹಿತಿಯು ಮೂರನೆಯವರ ಕೈಸೇರಬಾರದು, ಬಳಕೆಯಾದೊಡನೆ ಅಳಿಸಿಹೋಗಬೇಕು ಎಂದು ವಿಧಿಸಿದೆ. ಒತ್ತಡದ ಲೆಕ್ಕಕ್ಕೂ ಇಷ್ಟು ಬೇಲಿಯಾದರೂ ಬೇಕು. ಹಾಗಾದರೆ ಬಸ್ಸಿನಲ್ಲಿ ಕುಳಿತಿರುವ ನಲವತ್ತು ಜೀವಗಳ ಗತಿಯೇನೆಂದು ಕೇಳುವವರುಂಟು, ನ್ಯಾಯವಾದ ಪ್ರಶ್ನೆ. ಅವರಿಗಾಗಿ ಗಾಡಿಯನ್ನು ನಿಲ್ಲಿಸಿ ಚಾಲಕನಿಗೆ ಅರ್ಧ ಗಂಟೆಯ ವಿಶ್ರಾಂತಿಯನ್ನು ಕೊಡುವುದು ಸರಿಯೇ. ಆದರೆ ಆ ಅರ್ಧ ಗಂಟೆಯನ್ನು ಅವನ ಸಂಬಳದಲ್ಲಿಯೇ ಮುರಿದುಕೊಳ್ಳುವುದಾದರೆ, ಮರುದಿನ ಅವನ ಮೂಗು ಇನ್ನಷ್ಟು ತಣ್ಣಗಾಗುವುದರಲ್ಲಿ ಸಂಶಯವೇನು?