ದಿಗ್ವ್ರತವೂ ದೂರದ ಯಾತ್ರೆಯೂ

ಶ್ರಾವಕನಿಗೆ ಹೇಳಲಾದ ಹನ್ನೆರಡು ವ್ರತಗಳಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವುದು ಯಾವುದೆಂದು ಕೇಳಿದರೆ, ದಿಗ್ವ್ರತವೆಂದೇ ಉತ್ತರಿಸಬೇಕಾಗುತ್ತದೆ. ಅಹಿಂಸೆಯ ಕುರಿತು ಪ್ರವಚನಗಳು ನಡೆಯುತ್ತಲೇ ಇವೆ. ಪರಿಗ್ರಹ ಪರಿಮಾಣದ ಮಾತು ದಶಲಕ್ಷಣ ಪರ್ವದಲ್ಲಾದರೂ ಕಿವಿಗೆ ಬೀಳುತ್ತದೆ. ಆದರೆ ಹತ್ತು ದಿಕ್ಕುಗಳಲ್ಲಿಯೂ ತಾನು ಇಷ್ಟು ದೂರದವರೆಗೆ ಮಾತ್ರ ಹೋಗುವೆನೆಂದು ಜೀವಮಾನಕ್ಕೆ ಎಲ್ಲೆ ಹಾಕಿಕೊಂಡವರು ಎಷ್ಟು ಮನೆಗಳಲ್ಲಿ ಸಿಕ್ಕಾರು?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಎಲ್ಲೆಯನ್ನು ಗುರುತಿಸುವ ಕ್ರಮವನ್ನೂ ತಿಳಿಸಿದ್ದಾರೆ. ಸಮುದ್ರ, ನದಿ, ಕಾಡು, ಬೆಟ್ಟ, ಜನಪದ, ಯೋಜನ - ಇವೇ ಮೇರೆಗಳು. ಯಾರಿಗೂ ಸಂಶಯ ಬರದಂಥ, ಕಣ್ಣಿಗೆ ಕಾಣುವ ಗಡಿಗಳಿವು. ಮೂಡುಬಿದಿರೆ ಕಾರ್ಕಳಗಳ ನಡುವಣ ಬೆಳುವಾಯಿಯಂಥ ಊರಿನವನಿಗಂತೂ ಈ ಮೇರೆಗಳನ್ನು ಹುಡುಕಲು ಭೂಪಟವೇ ಬೇಡ. ಪಡುವಣಕ್ಕೆ ಕಡಲಿದೆ, ಮೂಡಣಕ್ಕೆ ಘಟ್ಟವಿದೆ, ತೆಂಕಣಕ್ಕೆ ನೇತ್ರಾವತಿ ಹರಿಯುತ್ತಿದೆ. ಎಲ್ಲೆಯಿಂದಾಚೆಗೆ ಅವನಿಂದ ಸ್ಥೂಲ ಹಿಂಸೆಯೂ ಇಲ್ಲ, ಸೂಕ್ಷ್ಮ ಹಿಂಸೆಯೂ ಇಲ್ಲ. ಅಷ್ಟರ ಮಟ್ಟಿಗೆ ಗೃಹಸ್ಥನ ಅಣುವ್ರತವು ಮಹಾವ್ರತಕ್ಕೆ ಸಮಾನವಾಗುತ್ತದೆಂಬ ಆಚಾರ್ಯರ ಮಾತು ಸಾಮಾನ್ಯವಾದುದಲ್ಲ. ವ್ಯಾಪಾರಿಗೆ ಇದರ ಬೆಲೆ ಇನ್ನೂ ಚೆನ್ನಾಗಿ ತಿಳಿದೀತು. ಹೋಗಲಾರದ ಊರಿನ ಲಾಭ ನಷ್ಟಗಳು ಅವನ ನಿದ್ದೆ ಕೆಡಿಸಲಾರವು.

ಅಂಥ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಎಂಬತ್ತು ದಾಟಿದ ಅಜ್ಜಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಕಣ್ಣು ಮುಚ್ಚುವ ಮೊದಲು ಒಮ್ಮೆ ಸಮ್ಮೇದ ಶಿಖರಜಿಯ ದರ್ಶನವಾಗಬೇಕೆಂಬುದು ಅಜ್ಜಿಯ ಬಯಕೆ. ಇಪ್ಪತ್ತನಾಲ್ಕು ತೀರ್ಥಂಕರರಲ್ಲಿ ಇಪ್ಪತ್ತು ಮಂದಿ ಮುಕ್ತರಾದ ಸ್ಥಳವದು. ರೈಲಿನ ಮೆಟ್ಟಿಲು ಹತ್ತಿ ಇಳಿಯುವುದು ಅಜ್ಜಿಗೆ ಕಷ್ಟ, ಅಂಗಳದಲ್ಲಿ ಹೊಸ ಕಾರು ನಿಂತಿದೆ. ಊರ ಮುಂದಿನ ರಾಷ್ಟ್ರೀಯ ಹೆದ್ದಾರಿ 169ನ್ನು ಹಿಡಿದರೆ ಶಿವಮೊಗ್ಗ, ಅಲ್ಲಿಂದ ಉತ್ತರಕ್ಕೆ ಸಾಗಿ ನಾಗಪುರ, ಜಬಲಪುರ, ಕಾಶಿ. ಮುಂದೆ ಬಿಹಾರವನ್ನು ಹಾದು ಜಾರ್ಖಂಡಿನ ಗಿರಿಡೀಹ ಜಿಲ್ಲೆಯ ಮಧುಬನ. ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ಕಾಶಿಯ ಬಳಿ ಗಂಗೆಯ ದಡದಲ್ಲಿರುವ ಚಂದ್ರಪುರಿಯು ಚಂದ್ರಪ್ರಭ ತೀರ್ಥಂಕರರ ಜನ್ಮಸ್ಥಳ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಬಾಲ್ಯದಿಂದಲೂ ಚಂದ್ರನಾಥ ಸ್ವಾಮಿಗೆ ಕೈಮುಗಿಯುತ್ತ ಬಂದ ಅಜ್ಜಿಗೆ ಆ ಸ್ವಾಮಿ ಹುಟ್ಟಿದ ಊರನ್ನೂ ಮುಕ್ತಿ ಪಡೆದ ಶಿಖರವನ್ನೂ ಒಂದೇ ಯಾತ್ರೆಯಲ್ಲಿ ಕಾಣುವ ಭಾಗ್ಯ. ಇದರಲ್ಲಿ ದೋಷವೆಲ್ಲಿದೆ?

ದೋಷವು ಇಲ್ಲಿಲ್ಲ. ದಿಗ್ವ್ರತ ಸ್ವೀಕರಿಸುವಾಗ ತೀರ್ಥವಂದನೆಗೆ ವಿನಾಯಿತಿ ಇಟ್ಟುಕೊಳ್ಳುವ ಪದ್ಧತಿಯು ಶ್ರಾವಕರಲ್ಲಿ ಇದ್ದೇ ಇದೆ. ಲೋಭವನ್ನೂ ಆರಂಭವನ್ನೂ ಕಟ್ಟಿಹಾಕುವುದಕ್ಕಾಗಿ ಇರುವ ವ್ರತವು ಭಕ್ತಿಯನ್ನು ಕಟ್ಟಿಹಾಕಬೇಕಾಗಿಲ್ಲ. ದೋಷವು ಯಾದಿಯು ಬೆಳೆಯತೊಡಗಿದಾಗ ಹುಟ್ಟುತ್ತದೆ. ಅಷ್ಟು ದೂರ ಹೋದ ಮೇಲೆ ಆಗ್ರಾ ನೋಡದೆ ಬರುವುದೇ ಎಂದು ಮಗ. ದಿಲ್ಲಿಯ ಪೇಟೆಯನ್ನು ಬಿಡಲಾದೀತೇ ಎಂದು ಸೊಸೆ. ಹಿಂತಿರುಗುವಾಗ ಗೋವೆಯ ಕಡಲ ತೀರವೆಂದು ಮಕ್ಕಳು. ಊರ ಹತ್ತಿರದ ಕಡಲನ್ನು ದಿನವೂ ನೋಡಬಲ್ಲ ಮಕ್ಕಳಿಗೆ ಗೋವೆಯ ಕಡಲೇ ಬೇಕೆನಿಸುವುದು ಲೋಕದ ವಿಚಿತ್ರಗಳಲ್ಲೊಂದು. ಹತ್ತು ದಿನದ ಯಾತ್ರೆಯು ಇಪ್ಪತ್ತೆರಡು ದಿನದ ಪ್ರವಾಸವಾಗುತ್ತದೆ. ಶಿಖರಜಿಗೆ ಉಳಿಯುವುದು ಒಂದೂವರೆ ದಿನ.

ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ದಿಗ್ವ್ರತದ ಅತಿಚಾರಗಳನ್ನು ಎಣಿಸುವಾಗ ಕ್ಷೇತ್ರವೃದ್ಧಿಯೆಂಬುದನ್ನು ಸೇರಿಸಿದ್ದಾರೆ. ಪೂರ್ವಕ್ಕೆ ನೂರು ಯೋಜನ, ಪಶ್ಚಿಮಕ್ಕೆ ನೂರು ಯೋಜನ ಎಂದು ಎಲ್ಲೆ ಹಾಕಿಕೊಂಡವನು, ಪಶ್ಚಿಮದಲ್ಲಿ ಉಳಿದುದನ್ನು ಪೂರ್ವಕ್ಕೆ ಸೇರಿಸಿಕೊಂಡು ಮುಂದೆ ಹೋಗುವುದೇ ಈ ದೋಷ. ಅಂಗಡಿಯ ಲೆಕ್ಕದಲ್ಲಿ ಒಂದು ಖಾತೆಯ ಶಿಲ್ಕನ್ನು ಇನ್ನೊಂದು ಖಾತೆಗೆ ವರ್ಗಾಯಿಸಬಹುದು. ವ್ರತದ ಲೆಕ್ಕದಲ್ಲಿ ಆ ಸೌಕರ್ಯವಿಲ್ಲ. ಶಿಖರಜಿಗೆಂದು ಇಟ್ಟ ವಿನಾಯಿತಿಯಲ್ಲಿ ಗೋವೆಗೆ ಹೋಗುವುದೂ ಇದೇ ಜಾತಿಯ ವರ್ಗಾವಣೆ. ಸಮಂತಭದ್ರರಂತೂ ಅನರ್ಥದಂಡದ ಭೇದವಾದ ಪ್ರಮಾದಚರ್ಯೆಯಲ್ಲಿ ಸರಣ, ಸಾರಣ ಎಂಬ ಎರಡನ್ನು ಎಣಿಸಿದ್ದಾರೆ. ಸುಮ್ಮನೆ ತಿರುಗುವುದು ಸರಣ, ಇತರರನ್ನು ಸುಮ್ಮನೆ ತಿರುಗಿಸುವುದು ಸಾರಣ. ಕಾರಿನ ಮುಂದಿನ ಆಸನದಲ್ಲಿ ಕುಳಿತ ಮನೆಯ ಯಜಮಾನನು ಈ ಎರಡನೆಯ ಮಾತನ್ನು ಎರಡು ಬಾರಿ ಓದಿಕೊಳ್ಳುವುದು ಲೇಸು.

ಹಿಂದಿನವರು ಸುಖವಾಗಿ ಹೋಗಿಬಂದರು, ಇಂದಿನವರಿಗೆ ಮಾತ್ರ ಈ ತೊಡಕುಗಳು ಎಂದು ಭಾವಿಸಬೇಕಾಗಿಲ್ಲ. ಜೌನಪುರದಲ್ಲಿ ಹುಟ್ಟಿದ ವ್ಯಾಪಾರಿ, ಕವಿ ಬನಾರಸೀದಾಸರು 1641ರಲ್ಲಿ ಆಗ್ರಾದಲ್ಲಿ ಬರೆದ ಆತ್ಮಕಥೆ ಅರ್ಧಕಥಾನಕದಲ್ಲಿ ತಮ್ಮ ತಂದೆ ಖರಗಸೇನರು ದೊಡ್ಡ ಸಂಘವೊಂದರ ಜೊತೆಗೆ ಶಿಖರಜಿಗೆ ಹೋದುದನ್ನು ಹೇಳಿದ್ದಾರೆ. ಹಿಂತಿರುಗುವ ದಾರಿಯಲ್ಲಿ ಅನೇಕರು ರೋಗಕ್ಕೆ ತುತ್ತಾದರು, ಕೆಲವರು ಸತ್ತರು, ಖರಗಸೇನರೂ ಕಾಯಿಲೆ ಬಿದ್ದೇ ಮನೆ ಸೇರಿದರು. ಅಂದು ಯಾತ್ರೆಗೆ ಹೊರಡುವವನು ತನ್ನ ಜೀವವನ್ನು ಪಣಕ್ಕಿಟ್ಟು ಹೊರಡುತ್ತಿದ್ದನು. ಇಂದು ಯಾತ್ರಿಕನ ಕಷ್ಟ ಬಹಳ ಕಡಿಮೆಯಾಗಿದೆ. ಆದರೆ ದಾರಿಯಲ್ಲಿ ಎದುರಾಗುವ ಇತರ ಜೀವಗಳ ಕಷ್ಟ ಎಷ್ಟೋ ಪಾಲು ಹೆಚ್ಚಿದೆ. ಎತ್ತಿನ ಗಾಡಿಯ ಚಕ್ರಕ್ಕೆ ಸಿಕ್ಕುತ್ತಿದ್ದ ಇರುವೆಗಳ ಲೆಕ್ಕ ಬೇರೆ, ಗಂಟೆಗೆ ನೂರು ಕಿಲೋಮೀಟರ್ ಓಡುವ ಕಾರಿನ ಗಾಜಿಗೆ ರಾತ್ರಿ ಬಡಿಯುವ ಹುಳುಗಳ ಲೆಕ್ಕವೇ ಬೇರೆ. ಬೆಳುವಾಯಿಯಲ್ಲೇ ಒಂದು ಚಿಟ್ಟೆ ಉದ್ಯಾನವಿದೆ. ಅಲ್ಲಿ ಒಂದೊಂದು ಚಿಟ್ಟೆಯ ಹೆಸರನ್ನೂ ಕೇಳಿ ತಿಳಿದು ಬಂದ ಮಗುವು, ಮರುವಾರ ಕಾರಿನ ಗಾಜಿನ ಮೇಲೆ ಅದೇ ರೆಕ್ಕೆಗಳು ಅಂಟಿಕೊಂಡುದನ್ನು ಕಂಡು ಪ್ರಶ್ನಿಸಿದರೆ, ತಂದೆ ಏನು ಹೇಳಬೇಕು?

ಜೀವಹಾನಿ ಆಯಿತೆಂಬ ಮಾತ್ರಕ್ಕೆ ಹಿಂಸೆಯಲ್ಲವೆಂಬುದು ಆಚಾರ್ಯರ ನಿರ್ಣಯ. ಪ್ರಮಾದವಿದ್ದಲ್ಲಿ ಹಿಂಸೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಎಚ್ಚರದಿಂದ ನಡೆಯುವವನ ಕಾಲಿಗೆ ಸಿಕ್ಕಿ ಜೀವ ಹೋದರೂ ಅವನಿಗೆ ಹಿಂಸೆಯ ದೋಷವಿಲ್ಲ. ಎಚ್ಚರಗೇಡಿಗೆ ಯಾವ ಜೀವ ಸಾಯದಿದ್ದರೂ ದೋಷವಿದೆ. ಈ ಮಾತನ್ನು ಕೆಲವರು ಸಮಾಧಾನದ ಮಾತೆಂದು ತಿಳಿಯುತ್ತಾರೆ. ವಾಸ್ತವವಾಗಿ ಇದು ಬಹಳ ಬಿಗಿಯಾದ ಮಾತು. ಒಂದು ರಾತ್ರಿಯ ವಸತಿಯ ಹಣ ಉಳಿಸಲೆಂದು, ಹಗಲೆಲ್ಲ ಓಡಿಸಿ ದಣಿದ ಚಾಲಕನನ್ನು ಮತ್ತೆ ಬೆಳಗಿನ ತನಕ ಓಡಿಸಿದವನು, ಏನೂ ಆಗದೆ ಕ್ಷೇಮವಾಗಿ ತಲಪಿದರೂ ಹಿಂಸೆಯ ಭಾಗಿಯೇ ಆದನು. ಸರಕಾರದ ಲೆಕ್ಕದಂತೆ 2022ರಲ್ಲಿ ಈ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮಡಿದರು. ಅದರಲ್ಲಿ ಶೇಕಡಾ 70ಕ್ಕೂ ಮಿಕ್ಕಿದ ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ಹೆದ್ದಾರಿಯ ಅಂಚಿನಲ್ಲಿ ಪಾದವಿಹಾರ ಮಾಡುತ್ತಿದ್ದ ಸಾಧು ಸಾಧ್ವಿಯರು ವಾಹನ ಬಡಿದು ದೇಹ ಬಿಟ್ಟ ಸುದ್ದಿಗಳೂ ಸಮಾಜಕ್ಕೆ ಹೊಸವಲ್ಲ. ಮುನಿಗಳ ದರ್ಶನಕ್ಕೆಂದು ಹೊರಟ ಕಾರೂ ಅದೇ ರಸ್ತೆಯಲ್ಲಿ ಓಡುತ್ತದೆ.

ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು 2009ರಲ್ಲಿ ನಿಷೇಧಿಸಲಾಯಿತು. ಮರುವರ್ಷ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಶಿಖರಜಿಯ ದಾರಿಯಲ್ಲೇ ನಾಗಪುರವನ್ನು ದಾಟಿದ ಮೇಲೆ ಸಿಗುವ ಪೆಂಚ್ ಕಾಡಿನಲ್ಲಿ, ಮೃಗಗಳು ಅಡಿಯಿಂದ ಹಾದುಹೋಗಲೆಂದು ರಾಷ್ಟ್ರೀಯ ಹೆದ್ದಾರಿ 44ನ್ನೇ ಅಲ್ಲಲ್ಲಿ ಎತ್ತರಿಸಿ ಕಟ್ಟಿದ್ದಾರೆ. ಕಾನೂನು ಇಷ್ಟು ದಯೆ ತೋರುತ್ತಿರುವಾಗ, ಸೂರ್ಯಾಸ್ತದ ಬಳಿಕ ಉಣ್ಣದ ಪರಂಪರೆಯವರು ಸೂರ್ಯಾಸ್ತದ ಬಳಿಕ ಗಾಡಿ ಓಡಿಸುವುದಿಲ್ಲವೆಂದು ಯಾತ್ರೆಯ ಮಟ್ಟಿಗಾದರೂ ದೇಶವ್ರತ ಹಿಡಿದರೆ ಅದು ಹೆಚ್ಚೇನಲ್ಲ. ಇಲ್ಲೊಂದು ಸಣ್ಣ ಎಚ್ಚರಿಕೆಯನ್ನೂ ಹೇಳಬೇಕು. ನವೆಂಬರ ಕೊನೆಗೆ ಬೆಳುವಾಯಿಯಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಸುಮಾರಿಗೆ. ಗಿರಿಡೀಹದಲ್ಲಿ ಐದು ಗಂಟೆಯ ಸುಮಾರಿಗೇ. ಊರಿನ ಗಡಿಯಾರದ ಅಭ್ಯಾಸವನ್ನು ನಂಬಿ ಐದೂವರೆಗೆ ಊಟಕ್ಕೆ ಕುಳಿತವನ ರಾತ್ರಿಭೋಜನ ತ್ಯಾಗವು ಅವನಿಗೆ ತಿಳಿಯದೆಯೇ ಮುರಿದಿರುತ್ತದೆ.

2019ರಲ್ಲಿ ಪಾರಸನಾಥ ಅಭಯಾರಣ್ಯದ ಸುತ್ತಲ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಸಾರಿದ ಕೇಂದ್ರದ ಅಧಿಸೂಚನೆಯಲ್ಲಿ ಪ್ರವಾಸೋದ್ಯಮಕ್ಕೂ ಎಡೆಯಿತ್ತು. ಶಿಖರಜಿಯು ತೀರ್ಥ, ವಿಹಾರಸ್ಥಳವಲ್ಲವೆಂದು ದೇಶದಾದ್ಯಂತ ಜೈನ ಸಮಾಜವು ಬೀದಿಗಿಳಿಯಿತು. 2023ರ ಜನವರಿ 5ರಂದು ಕೇಂದ್ರ ಸರಕಾರವು ಆ ಬಗೆಯ ಚಟುವಟಿಕೆಗಳಿಗೆ ತಡೆ ನೀಡಿತು. ಆ ಹೋರಾಟವು ನ್ಯಾಯವಾದುದೇ. ಆದರೆ ತೀರ್ಥವನ್ನು ಪ್ರವಾಸಿತಾಣವಾಗಿ ಮಾಡಬೇಡಿರೆಂದು ಸರಕಾರಕ್ಕೆ ಹೇಳಿದ ಸಮಾಜವು, ಆಗ್ರಾ, ದಿಲ್ಲಿ, ಗೋವೆಗಳ ನಡುವೆ ಶಿಖರಜಿಯನ್ನು ಒಂದೂವರೆ ದಿನಕ್ಕೆ ಸಿಕ್ಕಿಸಿದ ತನ್ನ ಯಾದಿಯನ್ನು ಯಾವ ಹೆಸರಿನಿಂದ ಕರೆಯುತ್ತದೆ? ಅದೇ ಬೆಟ್ಟವನ್ನು ಸಂತಾಲರು ಮರಾಂಗ್ ಬುರು ಎಂದು ಪೂಜಿಸುತ್ತಾರೆಂಬುದೂ ಆಗಲೇ ಅನೇಕರ ಗಮನಕ್ಕೆ ಬಂದಿತು. ಯಾತ್ರಿಕನು ಅಲ್ಲಿ ಒಬ್ಬ ಅತಿಥಿಯೂ ಹೌದು.

ಬೆಟ್ಟದ ವಂದನೆಯು ಒಂಬತ್ತು ಕಿಲೋಮೀಟರ್ ಏರು, ಒಂಬತ್ತು ಕಿಲೋಮೀಟರ್ ಟೊಂಕುಗಳ ಪ್ರದಕ್ಷಿಣೆ, ಒಂಬತ್ತು ಕಿಲೋಮೀಟರ್ ಇಳಿತ, ಒಟ್ಟು 27. ಚಂದ್ರಪ್ರಭರ ಲಲಿತಕೂಟವು ಉಳಿದವುಗಳಿಂದ ದೂರ ಸರಿದು ನಿಂತಿದೆ. ದಣಿದ ಕಾಲಿಗೆ ಅದೇ ಕಠಿಣ. ಬಿಸಿಲೇರುವ ಮೊದಲು ಮುಗಿಸಬೇಕೆಂದು ಎಷ್ಟೋ ಜನರು ನಡುರಾತ್ರಿ ಕಳೆಯುತ್ತಲೇ ಕೈದೀಪ ಹಿಡಿದು ಹೊರಡುತ್ತಾರೆ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ನಡೆಯಬೇಕೆಂಬ ಈರ್ಯಾಸಮಿತಿಯು ಮುನಿಗಳಿಗೆ ಹೇಳಿದ್ದೇ ಆದರೂ, ಮುನಿಗಳು ಮೋಕ್ಷ ಪಡೆದ ಬೆಟ್ಟದಲ್ಲಿ ಶ್ರಾವಕನು ಬೆಳಕು ಹರಿಯುವ ತನಕ ಕಾದರೆ ಕಳೆದುಕೊಳ್ಳುವುದೇನು?

ಎಂಬತ್ತರ ಅಜ್ಜಿಯು ನಡೆದು ಏರಲಾರರು. ಅಲ್ಲಿ ಡೋಲಿಗಳಿವೆ, ಕುಳಿತವರ ತೂಕಕ್ಕೆ ತಕ್ಕ ಬಾಡಿಗೆ. ಒಂದು ಜೀವವು ಪುಣ್ಯಕ್ಕಾಗಿ ಇನ್ನೊಂದು ಜೀವದ ಹೆಗಲೇರುವುದು ಸರಿಯೇ ಎಂದು ಒಬ್ಬರು ಕೇಳಿದರೆ, ಅದರಿಂದಲೇ ಅವರ ಮನೆಯ ಒಲೆ ಉರಿಯುತ್ತದೆಯೆಂದು ಇನ್ನೊಬ್ಬರು ಹೇಳುತ್ತಾರೆ. ಎರಡೂ ನಿಜ. ತೂಕದ ಬಾಡಿಗೆಯಲ್ಲಿ ಚೌಕಾಸಿ ಮಾಡುವುದಂತೂ ಯಾವ ಲೆಕ್ಕದಲ್ಲೂ ಸರಿಯಲ್ಲ. ಪೇಟೆಯಲ್ಲಿ ಅಡಿಕೆಯ ಧಾರಣೆಗೆ ಹಗ್ಗಜಗ್ಗಾಡುವ ನಾಲಗೆಯನ್ನು ಅಲ್ಲಿಗೂ ಒಯ್ಯಬಾರದು.

ಹೊರಡುವ ಮುನ್ನಾದಿನ ಮನೆಯವರೆಲ್ಲ ಚಂದ್ರನಾಥ ಸ್ವಾಮಿಯ ಎದುರು ಕುಳಿತು, ಹೋಗುವ ಊರುಗಳ ಹೆಸರು, ದಿನಕ್ಕೆ ಓಡಿಸುವ ದೂರ, ಗಾಡಿ ನಿಲ್ಲಿಸುವ ಹೊತ್ತು, ಚಾಲಕನ ವಿಶ್ರಾಂತಿಯ ಗಂಟೆಗಳು ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ದೇಶವ್ರತವಾಗಿ ಸ್ವೀಕರಿಸಬಹುದು. ಗೋವೆಯ ಹೆಸರು ಆ ಹಾಳೆಯಲ್ಲಿ ಇರಲಾರದು; ಮಕ್ಕಳು ಸ್ವಲ್ಪ ಮುನಿಸಿಕೊಂಡಾರು. ಡೋಲಿಯ ವಿಷಯವನ್ನು ಮಾತ್ರ ಊರಿನಲ್ಲಿ ಕುಳಿತು ಬರೆಯಲಾಗದು. ಅದನ್ನು ಮಧುಬನದಲ್ಲಿ, ಹೊರಲು ಬಂದವರ ಮುಖವನ್ನೊಮ್ಮೆ ನೋಡಿ, ಏರುವುದೋ ಅಥವಾ ಬೆಟ್ಟದ ಬುಡದಲ್ಲೇ ಕುಳಿತು ಶಿಖರದ ಕಡೆಗೆ ಕೈಮುಗಿಯುವುದೋ ಎಂದು ಅಜ್ಜಿಯೇ ತೀರ್ಮಾನಿಸಬೇಕು.