ಕಾಲಿಗೆ ನೆರವು ಬೇಕು, ಎಚ್ಚರವೂ ಬೇಕು

ಮಲೆನಾಡಿನ ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೇ ಮಹೀಂದ್ರ ಜೀಪುಗಳಲ್ಲಿ ಬ್ರೇಕ್ ಹಿಡಿಯಬೇಕಾದರೆ ಪಾದದ ಬಲ ಸಾಲದು, ತೊಡೆಯ ಬಲವೇ ಬೇಕು. ಗೊಬ್ಬರದ ಮೂಟೆ, ಅಡಿಕೆ ಗೊನೆ, ಕೆಲಸದ ಆಳುಗಳು ಎಲ್ಲವನ್ನೂ ಹೇರಿಕೊಂಡು ಇಳಿಜಾರಿನಲ್ಲಿ ಬರುವ ಚಾಲಕ ಸೀಟಿಗೆ ಬೆನ್ನು ಕೊಟ್ಟು, ಸ್ಟೇರಿಂಗ್ ಬಿಗಿಹಿಡಿದು, ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕುತ್ತಾನೆ. ಹರೆಯದಲ್ಲಿ ಇದೊಂದು ಲೆಕ್ಕಕ್ಕಿಲ್ಲ. ಅರವತ್ತು ದಾಟಿ ಮಂಡಿ ಸವೆದ ಮೇಲೆ ಒಂದೊಂದು ತಿರುವೂ ಪರೀಕ್ಷೆಯೇ. ಆಗ ಗ್ಯಾರೇಜಿನಲ್ಲಿ ಆ ಪ್ರಶ್ನೆ ಏಳುತ್ತದೆ: ಇದಕ್ಕೊಂದು ಬೂಸ್ಟರ್ ಕೂರಿಸಬಹುದಾ?

ಕೂರಿಸಬಹುದು. ಕೂರಿಸುವುದು ಒಳ್ಳೆಯದೂ ಹೌದು. ಗಟ್ಟಿ ಪೆಡಲ್ ತುಳಿಯುವುದನ್ನೇ ಚಾಲಕನ ತಾಕತ್ತು ಎಂದು ಕೊಂಡಾಡುವ ಹಠ ನಮ್ಮಲ್ಲಿ ಕೆಲವರಿಗಿದೆ. ಎದುರಿಗೆ ಮಗು ಓಡಿ ಬಂದಾಗ ಗಾಡಿ ನಿಲ್ಲಬೇಕು, ಅಷ್ಟೇ ಮುಖ್ಯ. ಯಾರ ಕಾಲು ಎಷ್ಟು ಬಲವಾದದ್ದು ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಬೂಸ್ಟರ್ ಎಂದರೆ ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವೆ ಕೂರುವ ದುಂಡನೆಯ ತಗಡಿನ ಡಬ್ಬಿ. ಬೆಲ್ಜಿಯಂನ ಆಲ್ಬರ್ಟ್ ಡೆವಾಂಡ್ರ್ 1927ರಲ್ಲಿ ರೂಪಿಸಿದ ಉಪಾಯ ಇದು. ಡಬ್ಬಿಯೊಳಗೆ ಅಡ್ಡಲಾಗಿ ಒಂದು ರಬ್ಬರ್ ಪರದೆ. ಪರದೆಯ ಎರಡೂ ಬದಿಯ ಗಾಳಿಯನ್ನು ಮೊದಲೇ ಹೀರಿ ತೆಗೆಯಲಾಗಿರುತ್ತದೆ. ಪೆಡಲ್ ಒತ್ತಿದಾಗ ಒಂದು ಬದಿಗೆ ಮಾತ್ರ ಹೊರಗಿನ ಗಾಳಿ ನುಗ್ಗಿ ಪರದೆಯನ್ನು ಮುಂದಕ್ಕೆ ತಳ್ಳುತ್ತದೆ. ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. ಪರದೆ 20 ಸೆಂಟಿಮೀಟರ್ ಅಗಲವಿದ್ದರೆ ಅದರ ವಿಸ್ತಾರ 314 ಚದರ ಸೆಂಟಿಮೀಟರ್. ಹತ್ತರಲ್ಲಿ ಏಳು ಪಾಲು ಗಾಳಿ ತೆಗೆದಿದ್ದರೂ 200 ಕಿಲೋಗಿಂತ ಹೆಚ್ಚಿನ ತಳ್ಳು ಸಿಗುತ್ತದೆ. ನಮ್ಮನ್ನು ಸದಾ ಸುತ್ತಿಕೊಂಡಿರುವ ಗಾಳಿಯೇ, ಒಂದು ಕಡೆ ತೆರವು ಮಾಡಿಕೊಟ್ಟರೆ ಸಾಕು, ಇಬ್ಬರು ಮೂವರ ಭಾರದಷ್ಟು ಬಲ ಕೊಡುತ್ತದೆ.

ಆದರೆ ಬೂಸ್ಟರ್ ಹಗುರ ಮಾಡುವುದು ಕಾಲಿನ ಶ್ರಮವನ್ನು ಮಾತ್ರ. ಟೈರು ರಸ್ತೆಯನ್ನು ಕಚ್ಚುವ ಶಕ್ತಿ ಮೊದಲೆಷ್ಟಿತ್ತೋ ಅಷ್ಟೇ ಇರುತ್ತದೆ. ಡ್ರಮ್ಮು ಮೊದಲಿನಷ್ಟೇ ಕಾಯುತ್ತದೆ. ಸವೆದ ಲೈನಿಂಗ್ ಸವೆದೇ ಇರುತ್ತದೆ. ಒತ್ತಡ ಹೆಚ್ಚಾದಾಗ ತುಕ್ಕು ತಿಂದ ಪೈಪು, ಬಿರುಕು ಬಿಟ್ಟ ಹೋಸು, ಒಸರುವ ವ್ಹೀಲ್ ಸಿಲಿಂಡರ್ ಮೊದಲು ಕೈಕೊಡುತ್ತವೆ. ಆದ್ದರಿಂದ ಒಳ್ಳೆಯ ಮೆಕ್ಯಾನಿಕ್ ನಾಲ್ಕೂ ಡ್ರಮ್ ಬಿಚ್ಚಿ ನೋಡಿದ ಮೇಲೆಯೇ ಬೂಸ್ಟರಿನ ಮಾತಿಗೆ ಬರುತ್ತಾನೆ. ಬ್ರೇಕ್ ಆಯಿಲ್ ಕೂಡ ಬದಲಿಸುತ್ತಾನೆ. ಅದು ಗಾಳಿಯ ತೇವವನ್ನು ಹೀರುವಂಥದ್ದು. ಮಲೆನಾಡಿನ ಮಳೆಗಾಲಗಳನ್ನು ಕಂಡ ಹಳೇ ಆಯಿಲ್ ಘಾಟಿಯ ಇಳಿಜಾರಿನ ಕಾವಿಗೆ ಬೇಗ ಕುದಿಯುತ್ತದೆ. ಕುದಿದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ.

ಇನ್ನೊಂದು ಸಂಗತಿಯನ್ನು ಎಷ್ಟೋ ಮಂದಿ ಗಮನಿಸುವುದಿಲ್ಲ. ಪೆಟ್ರೋಲ್ ಇಂಜಿನ್ ತನ್ನ ಉಸಿರಾಟದಲ್ಲೇ ಬೂಸ್ಟರಿನ ಗಾಳಿಯನ್ನು ಹೀರಿಕೊಡುತ್ತದೆ. ಡೀಸೆಲ್ ಇಂಜಿನ್ನಿಗೆ ಗಾಳಿ ತಡೆಯುವ ಥ್ರಾಟಲ್ ಇಲ್ಲದ್ದರಿಂದ ಆ ಹೀರುವಿಕೆ ಸಿಗದು. ಅದಕ್ಕೆ ಬೇರೆ ವ್ಯಾಕ್ಯೂಮ್ ಪಂಪ್ ಬೇಕು. ಸಾಮಾನ್ಯವಾಗಿ ಆಲ್ಟರ್ನೇಟರಿನ ಬೆನ್ನಿಗೇ ಜೋಡಿಸಿದ ಪಂಪ್ ಹಾಕುತ್ತಾರೆ. ಪಂಪಿಲ್ಲದ ಡೀಸೆಲ್ ಜೀಪಿಗೆ ಕೂರಿಸಿದ ಬೂಸ್ಟರ್ ಬರೀ ಡಬ್ಬಿ.

ಕೆಲಸ ಮುಗಿದ ಮೇಲೆ ಮಾಡುವ ಪರೀಕ್ಷೆ ಸರಳವಾದದ್ದು, ಯಾರು ಬೇಕಾದರೂ ಮಾಡಬಹುದು. "ಇಂಜಿನ್ ಆಫ್ ಮಾಡಿ ನಾಲ್ಕೈದು ಸಲ ತುಳೀರಿ ಸಾರ್" ಎನ್ನುತ್ತಾನೆ ಮೆಕ್ಯಾನಿಕ್. ತುಳಿಯುತ್ತ ಹೋದಂತೆ ಪೆಡಲ್ ಕಲ್ಲಿನಂತಾಗುತ್ತದೆ. "ಈಗ ಕಾಲು ತೆಗೀಬೇಡಿ, ಸ್ಟಾರ್ಟ್ ಮಾಡಿ." ಇಂಜಿನ್ ಹತ್ತಿದ ಮೇಲೆ, ಒತ್ತಿ ಹಿಡಿದ ಪೆಡಲ್ ತಾನಾಗಿ ತುಸು ಕೆಳಗಿಳಿಯುತ್ತದೆ. ಪಾದಕ್ಕೆ ಅದು ಸ್ಪಷ್ಟವಾಗಿ ತಿಳಿಯುತ್ತದೆ. ಇಳಿಯದಿದ್ದರೆ ಬೂಸ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಎಲ್ಲೋ ಗಾಳಿ ಸೋರುತ್ತಿರಬಹುದು ಎಂದರ್ಥ.

ಈ ಪರೀಕ್ಷೆಯಲ್ಲೇ ಒಂದು ದೊಡ್ಡ ಎಚ್ಚರಿಕೆಯೂ ಇದೆ. ಇಂಜಿನ್ ನಿಂತರೆ ಬೂಸ್ಟರಿನಲ್ಲಿ ಉಳಿಯುವ ಬಲ ಕೆಲವೇ ತುಳಿತಕ್ಕೆ ಮುಗಿದುಹೋಗುತ್ತದೆ. ಡೀಸೆಲ್ ಉಳಿಸಲೆಂದು ಘಾಟಿಯಲ್ಲಿ ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಗಾಡಿ ಇಳಿಸುವ ಚಾಳಿ ಮೊದಲೂ ಅಪಾಯವೇ ಆಗಿತ್ತು. ಬೂಸ್ಟರ್ ಬಂದ ಮೇಲೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಕಾಲು ಹಗುರ ಪೆಡಲಿಗೆ ಒಗ್ಗಿಹೋಗಿರುತ್ತದೆ. ದಿಢೀರನೆ ಪೆಡಲ್ ಗಟ್ಟಿಯಾದಾಗ ಬ್ರೇಕೇ ಹೋಯಿತೆಂದು ಹೆದರಿ ಕಾಲು ತೆಗೆಯುವವರಿದ್ದಾರೆ. ತೆಗೆಯಬಾರದು. ಬೂಸ್ಟರ್ ಕೆಟ್ಟರೂ ಪೆಡಲಿನಿಂದ ಮಾಸ್ಟರ್ ಸಿಲಿಂಡರಿಗೆ ಹೋಗುವ ಕಬ್ಬಿಣದ ಸರಳು ಅಲ್ಲೇ ಇರುತ್ತದೆ. ಎರಡೂ ಕಾಲು ಹಾಕಿ ಜೋರಾಗಿ ತುಳಿದರೆ ಬ್ರೇಕ್ ಹಿಡಿದೇ ಹಿಡಿಯುತ್ತದೆ.

ಬಾಳಿನಲ್ಲಿ ನಾವು ಪಡೆಯುವ ನೆರವುಗಳ ಮಾತೂ ಇದೇ. ವಯಸ್ಸಾದಂತೆ ಕನ್ನಡಕ, ಊರುಗೋಲು, ಮಕ್ಕಳ ಹೆಗಲು ಬೇಕಾಗುತ್ತವೆ. ಬೇಕು ಎಂದು ಕೇಳುವುದರಲ್ಲಿ ಸಣ್ಣತನವೇನಿಲ್ಲ. ಆದರೆ ಆ ನೆರವು ಎಲ್ಲಿಂದ ಬರುತ್ತಿದೆ, ಎಲ್ಲಿಯವರೆಗೆ ಬರುತ್ತದೆ, ನಿಂತುಹೋದ ದಿನ ನಮ್ಮ ಕೈಯಲ್ಲಿ ಏನು ಉಳಿದಿರುತ್ತದೆ ಎಂಬುದು ತಿಳಿದಿರಬೇಕು. ನೆರವು ಶ್ರಮವನ್ನು ಹಂಚಿಕೊಳ್ಳುತ್ತದೆ, ಹೊಣೆಯನ್ನು ಹಂಚಿಕೊಳ್ಳುವುದಿಲ್ಲ. ಕಾಲು ಹಗುರಾಯಿತೆಂದು ವೇಗ ಹೆಚ್ಚಿಸಿದವನಿಗೆ ಆ ಅನುಕೂಲವೇ ಮುಳುವಾಗುತ್ತದೆ.

ಮನೆಯಲ್ಲಿ ಹಳೇ ಗಾಡಿಯಿದ್ದು, ಅದನ್ನು ಓಡಿಸುವ ಹಿರಿಯರಿದ್ದರೆ, ಈ ಮಳೆಗಾಲಕ್ಕೆ ಮುಂಚೆ ಒಮ್ಮೆ ಬ್ರೇಕ್ ಪೂರಾ ಬಿಚ್ಚಿಸಿ ನೋಡಿ. ಲೈನಿಂಗ್, ಪೈಪು, ಆಯಿಲ್ ಸರಿಪಡಿಸಿ, ಆಮೇಲೆ ಆ ಗಾಡಿಗೆ ಒಪ್ಪುವ ಬೂಸ್ಟರನ್ನು ಬಲ್ಲವರ ಕೈಯಲ್ಲೇ ಹಾಕಿಸಿ. ಹಾಕಿಸಿದ ಮೇಲೂ ಘಾಟಿ ಹತ್ತಿದ ಗೇರಿನಲ್ಲೇ ಘಾಟಿ ಇಳಿಯಿರಿ.